ವಾಟೆಯ ಕಪ್ಪೆಗಳು ಸುಮ್ಮನಾದ ವರ್ಷ

ಮಂಡೆಕೋಲಿನ ಪೂವಮ್ಮನ ಗಂಡನನ್ನು ಆನೆ ತುಳಿದದ್ದು ಅವಳ ಹಣೆಬರಹ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗೆ ಅಂದುಬಿಟ್ಟರೆ ಮತ್ತೇನನ್ನೂ ಯೋಚಿಸಬೇಕಾಗಿಲ್ಲವಲ್ಲ.

ಐವತ್ತರ ದಶಕದಲ್ಲಿ ಪೂವಮ್ಮ ಮತ್ತು ಅವಳ ಗಂಡ ಮೇದಪ್ಪ ಪುಷ್ಪಗಿರಿಯ ಮಗ್ಗುಲಿನ ಮಲೆಯಲ್ಲಿ ಧಣಿಯೊಬ್ಬರ ಏಲಕ್ಕಿ ಕಾಯುತ್ತಿದ್ದರು. ಒಂದು ಹುಲ್ಲಿನ ಗುಡಿಸಲು, ಪಕ್ಕದ ಮರದ ಮೇಲೆ ಕಾವಲಿನ ಅಟ್ಟಳಿಗೆ, ಹಿಂದೆ ವಾಟೆಬಿದಿರು. ವಾಟೆಯೊಳಗೆ ಹೆಬ್ಬೆರಳಿನ ಉಗುರಿನಷ್ಟೇ ಇರುವ ಕಪ್ಪೆಗಳು. ಮಂಜು ಕೂರುವ ಆ ಎತ್ತರ ಬಿಟ್ಟು ಅವು ಇಳಿಯುವುದಿಲ್ಲ, ಕೆಳಗಿನ ಊರಲ್ಲಿ ಅವನ್ನು ಕಂಡವರೇ ಇಲ್ಲ. ಹೊತ್ತು ಇಳಿದರೆ ಟಿಕ್ ಟಿಕ್ ಎಂದು ಶುರು. ಆನೆ ವಾಟೆಗೆ ನುಗ್ಗಿದರೆ ಮಾತ್ರ ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು. ಆಗ ಗಂಡ ಹೆಂಡತಿ ಎಲ್ಲ ಬಿಟ್ಟು ಅಟ್ಟಳಿಗೆ ಹತ್ತುತ್ತಿದ್ದರು. ಆ ಮಲೆಯ ಕಾವಲಿನವರೆಲ್ಲ ಜೀವ ಉಳಿಸಿಕೊಂಡದ್ದು ಹೀಗೆಯೇ.

ಒಂದು ಮಳೆಗಾಲದ ಕೊನೆಗೆ ಏಲಕ್ಕಿಗೆ ಹುಳ ಬಿತ್ತು. ಧಣಿ ಮದ್ದಿನ ಪುಡಿ ಕಳುಹಿಸಿದರು. ಮೇದಪ್ಪನಿಗೆ ದಮ್ಮು. ಹಾಗಾಗಿ ಪೂವಮ್ಮನೇ ಪುಡಿಯನ್ನು ಬಟ್ಟೆಚೀಲಕ್ಕೆ ತುಂಬಿ ಗಿಡಗಳ ಮೇಲೆ ಕೊಡವಿದಳು. ಉಳಿದದ್ದನ್ನು ಹಾಳು ಮಾಡುವುದೇಕೆಂದು ವಾಟೆಗೂ ಕೊಡವಿದಳು.

ಹುಳ ಸತ್ತಿತು. ಕಪ್ಪೆಗಳ ದನಿಯೂ ನಿಂತಿತು.

ಆ ಸಂಜೆ ಇಬ್ಬರೂ ಅಟ್ಟಳಿಗೆಗೆ ಓಡಿದರು. ಆನೆ ಬರಲಿಲ್ಲ. ಮತ್ತೆ ಕೆಲವು ಸಂಜೆಗಳೂ ಅದೇ ಕಥೆ, ಒಲೆಯ ಮೇಲಿನ ಗಂಜಿ ಮಾತ್ರ ತಳಹಿಡಿಯಿತು. ಕೊನೆಗೆ ಪೂವಮ್ಮ ವಾಟೆಯ ಬುಡದಲ್ಲಿ ಸತ್ತು ಒಣಗಿದ ಕಪ್ಪೆಗಳನ್ನು ಕಂಡಳು. ಅಂಗೈಯಲ್ಲಿ ತಂದು ಗಂಡನಿಗೆ ತೋರಿಸಿದಳು.

"ಇನ್ನು ಆನೆ ಬಂದರೆ ನಮಗೆ ಗೊತ್ತಾಗುದಿಲ್ಲ. ಹೊತ್ತು ಕಂತುವ ಮೊದಲೇ ಹತ್ತುವ, ಬನ್ನಿ," ಎಂದಳು.

"ಕಪ್ಪೆ ಸತ್ತದ್ದಕ್ಕೆ ನಾನು ದಿನಾ ಮರ ಹತ್ತಬೇಕಾ? ನೀನು ಬೇಕಾದರೆ ಹೋಗು. ನಾನು ಗಂಜಿ ನೋಡ್ತೇನೆ," ಎಂದ ಮೇದಪ್ಪ. ಏಣಿ ಎಂದರೆ ಅವನಿಗೆ ಏದುಸಿರು, ಪಾಪ.

ಅವಳು ಮುನಿಸಿಕೊಂಡು ಒಬ್ಬಳೇ ಹತ್ತಿದಳು. ವಾಟೆ ಅಲ್ಲಾಡಿದ್ದು ಮೇಲಿನಿಂದ ಕಂಡಾಗ ಆನೆ ಗುಡಿಸಲಿನ ಹಿಂಬದಿಗೇ ಬಂದಾಗಿತ್ತು. ಕೂಗಿದಳು. ಮೇದಪ್ಪ ಏಣಿಯ ಬುಡದವರೆಗೆ ಬಂದ.

ಕೆಳಗಿನ ಊರಿನಿಂದ ಸಾವಿಗೆ ಬಂದವರೆಲ್ಲ ಆನೆಗೆ ಶಾಪ ಹಾಕಿದರು.

"ಅದನ್ನು ಯಾಕೆ ಬೈಯುದು? ಅದು ಯಾವಾಗಲೂ ಬರುವ ದಾರಿಯಲ್ಲೇ ಬಂತು. ಪುಡಿ ಕೊಡವಿದ್ದು ನಾನು," ಎಂದಳು ಪೂವಮ್ಮ.

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಅವರು ಅವಳಿಗೆ ನೀರು ಕುಡಿಸಿದರು.