ಬಕೆಟ್ಟಿನಲ್ಲಿದ್ದದ್ದು ಬರೀ ನೀರಲ್ಲ

ಅತ್ತಿಗೆ, ಆ ದಿನ ಬಕೆಟ್ಟಿನಲ್ಲಿದ್ದದ್ದು ಬರೀ ನೀರಲ್ಲ. ಅದಕ್ಕೆ ಆಸಿಡ್ ಸುರಿದವಳು ನಾನು. ನಿಮ್ಮ ಗಂಟಲು ಸುಟ್ಟದ್ದು ಬ್ಲೀಚಿಂಗ್ ಪೌಡರ್ ಜಾಸ್ತಿಯಾಗಿ ಅಲ್ಲ — ಹನ್ನೊಂದು ವರ್ಷದಿಂದ ನೀವು ಹಾಗೆಂದುಕೊಂಡಿದ್ದೀರಿ, ಹಾಗೆಂದುಕೊಳ್ಳಲು ನಾನು ಬಿಟ್ಟೆ.

ತುಮಕೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅಣ್ಣನ ತಿಂಡಿ ಹೋಟೆಲು. ಗುಬ್ಬಿಯಿಂದ ಮದುವೆಯಾಗಿ ಬಂದ ನೀವು ಅಡುಗೆಗೆ. ಇನ್ನೂ ಮದುವೆಯಾಗದ ನಾನು ತೊಳೆಯುವ, ಒರೆಸುವ ಕೆಲಸಕ್ಕೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಳಗಿನ ಹಳೇ ಮರದ ಕಟ್ಟೆಗೆ ಅಣ್ಣ ಆಗಷ್ಟೇ ಸ್ಟೀಲ್ ತಗಡು ಹೊದಿಸಿದ್ದ. ಬಂದವರನ್ನೆಲ್ಲ ಒಳಗೆ ಕರೆದು ಅದನ್ನು ತೋರಿಸುತ್ತಿದ್ದ. ಅದನ್ನು ನೋಡಿಕೊಳ್ಳುವ ರೀತಿ ನನಗೆ ಕಲಿಸಿದವರು ನೀವು.

"ಕಬ್ಬಿಣದ ನಾರು ಮಾತ್ರ ತಾಕಿಸ್ಬೇಡ ಕಣೇ ಜಯಾ. ತೆಂಗಿನ ನಾರು, ಸೋಪಿನ ಪುಡಿ ಸಾಕು. ತೊಳೆದ್ಮೇಲೆ ಒಣಬಟ್ಟೇಲಿ ಒರ್ಸು. ನೀರು ನಿಂತ್ರೆ ಕಲೆ ಬೀಳ್ತದೆ."

ಹೇಳುತ್ತಾ ಹೇಳುತ್ತಾ ಯಾವುದೋ ಪದ ಶುರು ಮಾಡಿಬಿಡುತ್ತಿದ್ದಿರಿ. ಮುಂದೆ ಕೂತು ಇಡ್ಲಿ ತಿನ್ನುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಸೋಬಾನೆ ಹೇಳಲು ಗುಬ್ಬಿ ಕಡೆಯ ಮದುವೆಮನೆಯವರು ನಿಮ್ಮನ್ನು ಕರೆದೊಯ್ಯಲು ಬರುತ್ತಿದ್ದರು.

ನಾನು ನಿಮ್ಮ ಮಾತು ಕೇಳಲಿಲ್ಲ. ಸಾಂಬಾರಿನ ಕರೆ ಬಿಡಲಿಲ್ಲವೆಂದು ಸಿಟ್ಟಿನಲ್ಲಿ ಕಬ್ಬಿಣದ ನಾರಿನಿಂದ ಉಜ್ಜಿ, ಒದ್ದೆ ನಾರನ್ನು ಅಲ್ಲೇ ಬಿಟ್ಟೆ. ಮಾರನೆಯ ಬೆಳಿಗ್ಗೆ ಅಂಗೈಯಗಲದ ತುಕ್ಕಿನ ಕಲೆ. ಅಣ್ಣ ನೋಡುವಷ್ಟರಲ್ಲಿ ಅದು ಹೋಗಬೇಕು — ನನಗೆ ಬೇರೇನೂ ಹೊಳೆಯಲಿಲ್ಲ. ಕಲೆಯ ಮೇಲೆ ಒಂದು ತಟ್ಟೆ ಮುಚ್ಚಿ, ಪಾಯಿಖಾನೆ ತೊಳೆಯಲು ತಂದಿಟ್ಟಿದ್ದ ಆಸಿಡ್ಡನ್ನು ಅರ್ಧ ಬಕೆಟ್ ನೀರಿಗೆ ಸುರಿದೆ. ಅಷ್ಟರಲ್ಲಿ ಹಾಲಿನವನು ಕೂಗಿದ. ಎದ್ದು ಹೋದೆ. ಹಿತ್ತಲಲ್ಲಿದ್ದ ನಿಮಗೆ, ಬಕೆಟ್ ಮುಟ್ಟಬೇಡಿ ಅಂತ ಒಂದು ಮಾತು ಕೂಗಿ ಹೇಳಬಹುದಿತ್ತು. ಹೇಳಿದ್ದರೆ ಯಾಕೆ ಅಂತ ಕೇಳುತ್ತಿದ್ದಿರಿ. ಅದಕ್ಕೇ...

ಅವತ್ತು ಹೆಲ್ತ್ ಇನ್ಸ್‌ಪೆಕ್ಟರ್ ಬರುವವರಿದ್ದರು. ನೀವು ಒಳಗೆ ಬಂದು, ಕಟ್ಟೆಯ ಮೇಲೆಲ್ಲ ಬ್ಲೀಚಿಂಗ್ ಪೌಡರ್ ಉದುರಿಸಿ, ಆ ಬಕೆಟ್ಟನ್ನೇ ಎತ್ತಿ ಸುರಿದಿರಿ.

ಕಿಟಕಿಯಿಲ್ಲದ ಕೋಣೆ. ಆಸಿಡ್ಡೂ ಪೌಡರೂ ಸೇರಿ ಎದ್ದ ವಿಷದ ಹೊಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ನಾನು ಹಾಲು ಹಿಡಿದು ಬಂದಾಗ ನೀವು ಹೊಸ್ತಿಲ ಮೇಲೆ ಬಿದ್ದಿದ್ದಿರಿ. ಉಸಿರು ಒಳಗೆ ಹೋಗುತ್ತಿರಲಿಲ್ಲ. ನನ್ನ ದಾವಣಿಯನ್ನು ಹಿಡಿದು ಜಗ್ಗುತ್ತಿದ್ದಿರಿ. ನಾನು ನಿಂತೇ ಇದ್ದೆ — ಕೈಯಲ್ಲಿ ಹಾಲಿನ ಪಾತ್ರೆ ಇನ್ನೂ ಹಾಗೇ ಇತ್ತು. ಅಣ್ಣ ನಿಮ್ಮನ್ನು ಹೊತ್ತುಕೊಂಡು ಓಡಿದ ಮೇಲೆ ನಾನು ಮಾಡಿದ ಮೊದಲ ಕೆಲಸವೇನು ಗೊತ್ತೇ? ಆಸಿಡ್ ಬಾಟಲಿಯನ್ನು ಸೌದೆಯ ಹಿಂದೆ ಬಚ್ಚಿಟ್ಟದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೇ ಕೇಳಿದರು. "ಬ್ಲೀಚಿಂಗ್ ಪೌಡರ್ ಜೊತೆ ಬೇರೆ ಏನಾದ್ರೂ ಸೇರಿತ್ತೇನಮ್ಮಾ?"

"ಇಲ್ಲ ಡಾಕ್ಟ್ರೇ, ಬರೀ ನೀರು."

ನಿಮ್ಮ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಮಲಗಿದ್ದಲ್ಲಿಂದಲೇ ಹೌದೆಂದು ತಲೆಯಾಡಿಸಿದಿರಿ. ನಿಮಗೆ ಗೊತ್ತಿದ್ದದ್ದೂ ಅಷ್ಟೇ ತಾನೆ. ನಾನು ನಿಜ ಹೇಳಿದ್ದರೆ ಬೇರೆ ಔಷಧಿ ಕೊಡುತ್ತಿದ್ದರೋ, ನಿಮ್ಮ ದನಿ ಉಳಿಯುತ್ತಿತ್ತೋ — ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಜೀವ ಉಳಿಯಿತು, ದನಿ ಹೋಯಿತು. ಮಕ್ಕಳನ್ನು ಚಪ್ಪಾಳೆ ತಟ್ಟಿ ಕರೆಯುವುದನ್ನು ಕಲಿತಿರಿ. ನಿಮಗೆ ಕೆಮ್ಮು ಹತ್ತಿದಾಗಲೆಲ್ಲ ಅಣ್ಣ ರೇಗುತ್ತಿದ್ದ: "ಯಾರೇ ಅಷ್ಟೊಂದು ಪೌಡರ್ ಸುರಿ ಅಂದಿದ್ದು ನಿಂಗೆ? ಕೈಯಾರೆ ಹಾಳ್ಮಾಡ್ಕೊಂಡೆ." ನೀವು ತಲೆ ತಗ್ಗಿಸುತ್ತಿದ್ದಿರಿ. ನಾನು ಅಲ್ಲೇ ಇರುತ್ತಿದ್ದೆ, ಲೋಟ ತೊಳೆಯುತ್ತಾ. ನನ್ನ ಮದುವೆಯಲ್ಲಿ ಹೆಂಗಸರೆಲ್ಲ ಸೋಬಾನೆ ಹೇಳುವಾಗ ಅವರ ನಡುವೆ ನೀವೂ ನಿಂತಿದ್ದಿರಿ. ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಕಣ್ಣೀರಿಟ್ಟದ್ದನ್ನು ತವರು ಬಿಡುವ ದುಃಖವೆಂದು ಎಲ್ಲರೂ ಅಂದುಕೊಂಡರು.

ಮೊದಲ ಸಲ ಕುಣಿಗಲ್ಲಿನ ನನ್ನ ಮನೆಗೆ ಬಂದಾಗ ನೀವು ಅಡುಗೆಮನೆಗೆ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದಿರಿ: "ಬ್ಲೀಚಿಂಗ್ ಪೌಡರ್ ಚೂರೇ ಚೂರು ಹಾಕು ಕಣೇ. ನನ್ನಂಗೆ ಮಾಡ್ಕೋಬೇಡ."

"ಆಯ್ತು ಅತ್ತಿಗೆ" ಅಂದೆ. ಅಷ್ಟೇ ಅಂದೆ. ಆಮೇಲೆ ಎಷ್ಟೋ ಸಲ ಹೇಳಬೇಕೆಂದೇ ಬಸ್ಸು ಹತ್ತಿ ಬಂದೆ. ನೀವು ಬಡಿಸಿದ್ದನ್ನು ಉಂಡು, ಹೂವು ಮುಡಿದು ವಾಪಸ್ಸು ಹೋದೆ.

ನಿಮಗೆ ಓದಲು ಬಾರದು. ಮಕ್ಕಳಲ್ಲಿ ಯಾರಿಗಾದರೂ ಬರೆಯಬಹುದಿತ್ತು. ಬೇಕೆಂದೇ ಅಣ್ಣನ ಹೆಸರಿಗೆ ಬರೆದಿದ್ದೇನೆ. ನಿಮ್ಮನ್ನು ಇಷ್ಟು ವರ್ಷ ಬೈದ ಬಾಯಿಂದಲೇ ಇದನ್ನು ನೀವು ಕೇಳಬೇಕು.

ಅಣ್ಣಾ, ದನಿ ತಗ್ಗಿಸಬೇಡ, ಒಂದು ಸಾಲೂ ಬಿಡಬೇಡ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅತ್ತಿಗೆ ಕರೆಯುವವರೆಗೂ ಬಾಗಿಲ ಹೊರಗೇ ನಿಂತಿರುತ್ತೇನೆ. ನೀನು ಕರೆಯಬೇಡ.