ಅಮ್ಮನ ಕಣ್ಣಿಗೆ ಕಲಸಿದ ನೀಲಿ

ಹಲ್ಲಿನ ಸೆಟ್ ಮಾಡುವುದು ನನ್ನ ಕಸುಬು. ದಂತವೈದ್ಯರು ಅಳತೆ ತೆಗೆದು ಕಳಿಸುತ್ತಾರೆ, ನಾನು ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಉಜ್ಜಿ ಉಜ್ಜಿ ಹಲ್ಲು ಮಾಡುತ್ತೇನೆ. ಇದ್ದ ಹಲ್ಲಿನ ಪಕ್ಕ ಹೊಸದನ್ನು ಕೂರಿಸಿದರೆ ಬಣ್ಣದಲ್ಲಿ ವ್ಯತ್ಯಾಸ ಕಾಣಬಾರದು. ಅಚ್ಚ ಬಿಳಿಯಿಂದ ಕಾಫಿ ಕುಡಿಯುವವರ ಹಳದಿಯವರೆಗೆ ಎಲ್ಲವೂ ನನಗೆ ಅಂಗೈ ಮೇಲಿನ ಗೆರೆಯಷ್ಟೇ ಪರಿಚಿತ. ಹೀಗಿರುವಾಗ, ಐವತ್ತು ದಾಟಿದ ಮೇಲೆ ಸಂಜೆಯ ಚಿತ್ರಕಲೆ ತರಗತಿಗೆ ಸೇರಿದವನು ಕಲಿಯಲು ಹೋದೆ ಅಂದುಕೊಂಡಿರಾ? ಟೀಚರಿಗೆ ನಾಲ್ಕು ಮಾತು ಹೇಳಿಕೊಟ್ಟು ಬರೋಣ ಅಂತ ಹೋದೆ.

ಜಂಬ ಮೊದಲ ದಿನವೇ ಇಳಿಯಿತು. ಕೆಂಪು, ಹಳದಿ, ನೀಲಿ ಮೂರೇ ಬಣ್ಣ ಕೊಟ್ಟು, ಅವನ್ನೇ ಕಲಸಿ ಬಣ್ಣದ ಚಕ್ರ ತುಂಬಿಸಿ ಎಂದರು. ಪಕ್ಕದ ಬೆಂಚಿನ ಕಾಲೇಜು ಹುಡುಗಿಯರು ಕಿತ್ತಳೆ, ಹಸಿರು, ನೇರಳೆ ಎಲ್ಲ ಮಾಡಿಕೊಂಡು ಕೈ ತೊಳೆಯಲು ಹೋದರು. ನನ್ನ ಚಕ್ರದಲ್ಲಿ ಸುತ್ತಲೂ ಕೆಸರು.

"ಚಕ್ರದಲ್ಲಿ ಎದುರುಬದುರು ಇರೋ ಬಣ್ಣ ಕಲಸಿದ್ರೆ ಒಂದನ್ನೊಂದು ಕೊಂದು ಹಾಕ್ತವೆ ಸರ್," ಎಂದರು ಟೀಚರ್. "ಕೆಂಪು ತುಂಬಾ ಕಿರುಚ್ತಿದ್ರೆ ಒಂದು ಚೂರು ಹಸಿರು ಸಾಕು. ನೀವು ಮನೆಯಿಂದ ತಂದ ಟ್ಯೂಬೇ ಖಾಲಿ ಮಾಡಿದ್ದೀರಿ."

ಒಂದು ಚಿತ್ರಕ್ಕೆ ನಾಲ್ಕೈದು ಬಣ್ಣ ಆರಿಸಿಕೊಂಡು ಎಲ್ಲವನ್ನೂ ಅವುಗಳಿಂದಲೇ ಹುಟ್ಟಿಸಬೇಕು, ಆಗಲೇ ಚಿತ್ರದ ಬಣ್ಣಗಳು ಒಂದೇ ಮನೆತನದವರಂತೆ ಕಾಣುತ್ತವೆ ಎಂದೂ ಹೇಳಿದರು. ನಾನು ಅಂಗಡಿಯ ಕಪಾಟನ್ನೇ ಚೀಲಕ್ಕೆ ಸುರಿದುಕೊಂಡು ಬಂದಿದ್ದೆ.

ಮೊದಲ ದೊಡ್ಡ ಚಿತ್ರ ನಮ್ಮ ಮನೆಯ ತಾರಸಿಯದು. ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆ, ಮೇಲೆ ಆಕಾಶ. ಹೆಂಡತಿ ನೋಡಿ, "ರೀ, ಟ್ಯಾಂಕ್ ಯಾವುದು, ನನ್ನ ನೈಟಿ ಯಾವುದು?" ಎಂದಳು. ನಾನು ಚಿತ್ರ ಎತ್ತಿಕೊಂಡು ಅಮ್ಮನ ಹತ್ತಿರ ಹೋದೆ. ಅಮ್ಮನಿಗೆ ಎಂಬತ್ತು. ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಚೆನ್ನಾಗಿದೆ ಕಣೋ. ಆಕಾಶ ಮಾತ್ರ ಸಪ್ಪೆ. ನಾನು ಹುಡುಗಿಯಾಗಿದ್ದಾಗ ಎಂಥ ನೀಲಿ ಇತ್ತು ಗೊತ್ತಾ?" ಎಂದಳು.

ನಾನು ನೀಲಿ ಹಚ್ಚಿದೆ. "ಇನ್ನೂ ಸ್ವಲ್ಪ," ಎಂದಳು. ಮತ್ತೆ ಹಚ್ಚಿದೆ. ಕೊನೆಗೆ ಹಳದಿ, ಮಣ್ಣುಬಣ್ಣಗಳನ್ನು ಪ್ಯಾಲೆಟ್‌ನಿಂದಲೇ ಗಡೀಪಾರು ಮಾಡಿ ಮೂರು ಬಗೆಯ ನೀಲಿ ಇಟ್ಟುಕೊಂಡೆ. ಅಮ್ಮ, "ಈಗ ನೋಡು!" ಎಂದು ಕೈ ತಟ್ಟಿದಳು. ತರಗತಿಗೆ ಒಯ್ದು ತೋರಿಸಿದಾಗ ಟೀಚರ್ ಹಿಂದೆಮುಂದೆ ನೋಡಿ, "ಸರ್, ನೀಲಿ ಕೊಂಚ ಜಾಸ್ತಿ ಆಯ್ತೇನೋ," ಎಂದರು. ಪಾಪ, ಇವರು ಪುಸ್ತಕ ಓದಿ ಕಲಿತವರು, ನನ್ನಮ್ಮ ಎಂಬತ್ತು ವರ್ಷ ಆಕಾಶ ನೋಡಿದವಳು ಎಂದು ಮನಸ್ಸಿನಲ್ಲೇ ಅವರನ್ನು ಕ್ಷಮಿಸಿದೆ. ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದೆ.

ಒಂದು ಬೆಳಿಗ್ಗೆ ಅಮ್ಮ ಚಹಾವನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದಳು. ಹೆಂಡತಿ ಅವತ್ತೇ ನಮ್ಮಿಬ್ಬರನ್ನೂ ಕಣ್ಣಿನ ಆಸ್ಪತ್ರೆಗೆ ಹೊರಡಿಸಿ, ತಾನೂ ಬಂದಳು.

"ಎರಡೂ ಕಣ್ಣಲ್ಲಿ ಪೊರೆ ಬಲಿತು ಹಳದಿಯಾಗಿದೆ," ಎಂದರು ಡಾಕ್ಟರ್. "ಹಳದಿ ಗಾಜಿನಿಂದ ನೋಡಿದ ಹಾಗೆ. ನೀಲಿಯಂತೂ ಅರ್ಧಕ್ಕರ್ಧ ಕಾಣಿಸಿರಲ್ಲ. ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ."

ಹೆಂಡತಿಯ ಮುಖ ಅರಳಿತು. ನನ್ನದು ಬಾಡಿತು. ನನಗಿದ್ದ ಒಬ್ಬಳೇ ಅಭಿಮಾನಿಗೆ ಕಣ್ಣು ಬರಲಿತ್ತು! "ಅಂಥಾ ಅವಸರ ಏನಿಲ್ವಲ್ಲ ಡಾಕ್ಟ್ರೇ?" ಎಂದು ನನ್ನ ಬಾಯಿಂದಲೇ ಬಂತು. ಹೆಂಡತಿ ಕೆಕ್ಕರಿಸಿದಳು. ದಿನವಿಡೀ ಊರವರ ಹಲ್ಲಿನ ಹಳದಿ ಅಳೆಯುವ ಮಹಾನುಭಾವನಿಗೆ ಹೆತ್ತ ತಾಯಿಯ ಕಣ್ಣಿನ ಹಳದಿ ಕಂಡಿರಲಿಲ್ಲ. ನಾಚಿಕೆಯಾಯಿತು.

ಮೊದಲು ಬಲಗಣ್ಣು ಮಾಡಿದರು. ಪಟ್ಟಿ ಬಿಚ್ಚಿ ಮನೆಗೆ ಬಂದ ಅಮ್ಮ ನನ್ನನ್ನು ನೋಡಿ, "ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೋ?" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅಮ್ಮ ಮೆಲ್ಲಗೆ ಬಲಗಣ್ಣಿನ ಮುಂದೆ ಅಂಗೈ ಅಡ್ಡ ಹಿಡಿದು, ಬರೀ ಎಡಗಣ್ಣಿನಿಂದ ಚಿತ್ರ ನೋಡಿ, "ಚೆನ್ನಾಗಿದೆ ಕಣೋ," ಎಂದಳು.

ಎಡಗಣ್ಣಿಗೆ ದಿನ ಗೊತ್ತುಮಾಡುವ ಹೊತ್ತಿಗೆ ಅಮ್ಮ ಹಟ ಹಿಡಿದಳು. "ಒಂದು ಸಾಕು ಬಿಡಿ. ಇದು ಹೀಗೇ ಇರ್ಲಿ."

"ಯಾಕತ್ತೆ, ಹೆದರಿಕೆನಾ?" ಎಂದಳು ಹೆಂಡತಿ.

"ಹೆದರಿಕೆ ಎಂಥದ್ದು? ಇವನ ಚಿತ್ರ ನೋಡೋಕೆ ಒಂದು ಕಣ್ಣು ಬೇಡ್ವಾ? ಮನೇಲಿ ಚೆನ್ನಾಗಿದೆ ಅನ್ನೋಕೆ ಯಾರಾದ್ರೂ ಇರ್ಬೇಕಲ್ಲಮ್ಮ."

ಹೆಂಡತಿ ಬಿದ್ದು ಬಿದ್ದು ನಕ್ಕಳು. ಅಮ್ಮ ನಗಲಿಲ್ಲ. ಅವಳು ನಿಜವಾಗಿಯೇ ಹೇಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಚಿತ್ರವನ್ನು ಗೋಡೆಯಿಂದ ಇಳಿಸಿ ಅವಳ ಮುಂದೆ ಹಿಡಿದೆ.

"ಬಲಗಣ್ಣಲ್ಲಿ ನೋಡಮ್ಮ. ನೋಡಿ ಇದ್ದದ್ದು ಹೇಳು."

"ಬೇಜಾರು ಮಾಡ್ಕೋತೀಯ."

"ಮಾಡ್ಕೋತೀನಿ. ಹೇಳು."

ಅಮ್ಮ ಎಡಗಣ್ಣು ಮುಚ್ಚಿದಳು, ನನ್ನ ಮೊಣಕೈ ಹಿಡಿದುಕೊಂಡಳು.

"ಇಂಕ್ ಬಾಟ್ಲಿ ಉರುಳಿಸಿದ ಹಾಗಿದೆ ಮಗಾ," ಎಂದಳು.

ನಾನು ಆಸ್ಪತ್ರೆಗೆ ಫೋನ್ ಮಾಡಿ, ಎಲ್ಲಕ್ಕಿಂತ ಮೊದಲು ಸಿಗುವ ದಿನ ಕೊಡಿ ಎಂದೆ.