ಬರೀ ವಾಷರ್

ನಮ್ಮ ಬೀದಿಯ ಪ್ಲಂಬರ್ ಎಲ್ಲರಿಗೂ ವಾಷರ್ ಮಾಮ. ನಲ್ಲಿ ಸೋರಲಿ, ಟ್ಯಾಂಕು ತುಂಬದಿರಲಿ, ಪೈಪಿಗೆ ಕಿವಿ ಹಚ್ಚಿ ತಲೆಯಾಡಿಸಿ, "ಏನಿಲ್ಲ ಬಿಡಿ, ಬರೀ ವಾಷರ್" ಎನ್ನುವುದು ಅವನ ರೂಢಿ. ಅದನ್ನು ನಂಬಿ ನಿಶ್ಚಿಂತೆಯಾಗಿ ಪೇಪರ್ ಓದುತ್ತ ಕೂತ ನಮ್ಮಂಥ ಬುದ್ಧಿವಂತರು, ಸಂಜೆಗೆ ಬಚ್ಚಲಿನ ಗೋಡೆಯೇ ನಾಪತ್ತೆಯಾದದ್ದನ್ನು ಕಂಡು ಬಾಯಿ ಬಾಯಿ ಬಿಡುತ್ತಿದ್ದೆವು. ಮೋಸವೇನಲ್ಲ. ಎದುರಿದ್ದವರ ಮುಖ ಬಾಡುವುದು ಅವನಿಂದ ನೋಡಲಾಗುತ್ತಿರಲಿಲ್ಲ, ಅಷ್ಟೇ.

ಅವನ ಮನೆಯ ಅಡುಗೆಮನೆಯ ನಲ್ಲಿ ಮಾತ್ರ ವರ್ಷಗಳಿಂದ ತೊಟ್ಟಿಕ್ಕುತ್ತಿತ್ತು. "ಊರಿಗೆಲ್ಲ ಇವತ್ತು, ನನಗೆ ಮಾತ್ರ ನಾಳೆ" ಎಂದು ಹೆಂಡತಿ ಗೊಣಗುತ್ತ ಅದರ ಕೆಳಗೆ ಪಾತ್ರೆಯಿಡುತ್ತಿದ್ದಳು.

ಆ ಹೆಂಡತಿಗೆ ಗರ್ಭಕಂಠದ ಕ್ಯಾನ್ಸರ್. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದ್ದಾಗಿತ್ತು; ಹೋಯಿತೆಂದುಕೊಂಡ ಗಡ್ಡೆ ಮತ್ತೆ ಬಂದಿತ್ತು. ಹೊಸ ಪರೀಕ್ಷೆಯಲ್ಲಿ ಏನು ಬಂತೆಂದು ಕೇಳಲು, ಅವಳನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ಮಾಮ ಒಬ್ಬನೇ ಒಳಗೆ ಹೋದ.

"ಗಡ್ಡೆ ತುಂಬ ಹೊಸ ರಕ್ತನಾಳ ಬೆಳೆದಿವೆ" ಎಂದರು ಡಾಕ್ಟರಮ್ಮ.

ಮಾಮನ ಮುಖ ಅರಳಿತು. "ಹಾಗಾದ್ರೆ ಫ್ಲೋ ಚೆನ್ನಾಗಿದೆ ಅನ್ನಿ! ಎಲ್ಲೋ ಬ್ಲಾಕ್ ಆಗಿದೆ ಅಂತ ಹೆದರಿದ್ದೆ ಮೇಡಂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಫ್ಲೋ ಚೆನ್ನಾಗಿರೋದು ಗಡ್ಡೆಗೆ ಕಣ್ರೀ. ಬೆಳೆಯೋಕೆ ಬೇಕಾದ ರಕ್ತಾನ ತಾನೇ ನಾಳ ಮಾಡ್ಕೊಂಡು ಎಳ್ಕೊಳ್ತಿದೆ. ಅದೇ ದಾರೀಲಿ ಬೇರೆ ಕಡೆಗೂ ಹೋಗಿದೆ."

"ಕಳ್ಳ ಕನೆಕ್ಷನ್ನು" ಎಂದ ಮಾಮ ಮೆಲ್ಲಗೆ. ಅಂಥವನ್ನು ಎಷ್ಟು ಕಡೆ ಕಿತ್ತಿದ್ದಾನೆ! "ಮೇನ್ ವಾಲ್ವ್ ಬಂದ್ ಮಾಡಿಬಿಡಿ ಮೇಡಂ."

"ಮೇನ್ ವಾಲ್ವ್ ಅಂದ್ರೆ ಅವರ ಹೃದಯ. ನಾಳ ಬೆಳೀದ ಹಾಗೆ ತಡೆಯೋ ಔಷಧೀನೂ ಕೊಟ್ಟು ನೋಡಿದ್ವಲ್ಲ. ಒಂದು ಮುಚ್ಚಿದ್ರೆ ಇನ್ನೊಂದು. ಇನ್ನು ನೋವು ಕಮ್ಮಿ ಇರೋ ಹಾಗೆ ನೋಡ್ಕೊಳ್ಳೋದಷ್ಟೇ."

ಹೊರಗೆ ಹೆಂಡತಿ ಚೀಲವನ್ನು ಹೊಟ್ಟೆಗೊತ್ತಿಕೊಂಡು ಕೂತಿದ್ದಳು. "ಏನಂದ್ರು ರೀ?"

ಮಾಮನ ಬಾಯಿಂದ ರೂಢಿಯ ಮಾತೇ ಜಾರಿ ಹೊರಬಿತ್ತು. "ಏನಿಲ್ಲ ಕಣೇ. ಬರೀ ವಾಷರ್."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಕೇಳಿದಳು: "ಗೋಡೆ ಎಲ್ಲೀವರೆಗೆ ಒಡೀಬೇಕಂತೆ?"

"ಒಡೆದೂ ಪ್ರಯೋಜನ ಇಲ್ವಂತೆ" ಎಂದ ಮಾಮ, ನೆಲ ನೋಡುತ್ತ.

"ಹೂಂ." ಅವಳು ಗೋಡೆ ಹಿಡಿದು ಎದ್ದಳು. "ನಡೀರಿ. ಆ ನಲ್ಲಿನಾದ್ರೂ ಸರಿ ಮಾಡಿ. ಅದರ ಟಪ್ ಟಪ್ ಕೇಳ್ಕೊಂಡು ಮಲಗೋಕೆ ಆಗಲ್ಲ ನನಗೆ."

ಮನೆಗೆ ಬಂದವನೇ ಮಾಮ ನಲ್ಲಿ ಬಿಚ್ಚಿದ. ಈ ಸಲ ನಿಜಕ್ಕೂ ಬರೀ ವಾಷರ್. ಕೂತು ಏಳುವಷ್ಟರಲ್ಲಿ ಮುಗಿಯಿತು. "ಆಯ್ತು ಕಣೇ!" ಎಂದು ಕೂಗಿದ. ತೊಟ್ಟಿನ ಸದ್ದು ನಿಂತದ್ದೇ ತಡ, ಒಳಕೋಣೆಯಲ್ಲಿ ಅವಳು ಹಲ್ಲು ಕಚ್ಚಿ ನರಳುವುದು ಬಿಡಿಬಿಡಿಯಾಗಿ ಕೇಳಿಸತೊಡಗಿತು. ಇಷ್ಟು ದಿನ ಅದನ್ನು ನಲ್ಲಿಯ ಟಪ್ ಟಪ್ ಮುಚ್ಚಿಟ್ಟಿತ್ತು.

ಮಾಮ ನಲ್ಲಿಯನ್ನು ಪೂರ್ತಿ ತಿರುಗಿಸಿ ಅಲ್ಲೇ ನಿಂತ. ನೀರು ಭೋರೆಂದು ಸುರಿಯಿತು. ಫ್ಲೋ ಚೆನ್ನಾಗಿಯೇ ಇತ್ತು.